ರಿಕ್ತಪಾತ್ರ ಸೀಮೋಲ್ಲಂಘನ ಮೀಮಾಂಸೆ

ಕುಡಿದು ಬರಿದಾದ ಡಬ್ಬಿಗೆ ಸ್ವತಃ ಮೌಲ್ಯವುಂಟೋ, ಅಥವಾ ಅದು ನಿಂತ ನೆಲದಿಂದ ಮೌಲ್ಯವು ಪ್ರಾಪ್ತವಾಗುವುದೋ ಎಂಬ ಗಹನವಾದ ಪ್ರಶ್ನೆಯನ್ನು ನಮ್ಮ ಪ್ರಾಚೀನ ತಾರ್ಕಿಕರು ವಿಚಾರಿಸದೆ ಬಿಟ್ಟುದಕ್ಕೆ, ಅವರ ಕಾಲದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಇರಲಿಲ್ಲವೆಂಬುದೊಂದೇ ಕಾರಣವಾಗಿರಬೇಕು. ಆ ದೇಶದ ಆರೆಗಾನ್ ಸಂಸ್ಥಾನವು 1971ರಲ್ಲಿ, ಪಾನೀಯವನ್ನು ಕೊಳ್ಳುವವನು ಪಾತ್ರೆಗೆಂದು ಕೆಲವು ಸೆಂಟುಗಳ ಠೇವಣಿಯಿಟ್ಟು, ಬರಿದಾದ ಪಾತ್ರೆಯನ್ನೊಪ್ಪಿಸಿ ಅದನ್ನು ಮರಳಿ ಪಡೆಯತಕ್ಕದ್ದೆಂದು ಶಾಸನವನ್ನು ರಚಿಸಿತು. ಇಂದು ಹತ್ತು ಸಂಸ್ಥಾನಗಳು ಈ ಧರ್ಮವನ್ನು ಪಾಲಿಸುತ್ತಿದ್ದು, ಉಳಿದ ನಲವತ್ತೂ ಈ ವಿಷಯದಲ್ಲಿ ನಾಸ್ತಿಕವಾಗಿವೆ. ಹೀಗಿರಲಾಗಿ, ಒಹಾಯೋದಲ್ಲಿ ಶೂನ್ಯವಾಗಿದ್ದ ಡಬ್ಬಿಯು ನ್ಯೂಯಾರ್ಕಿನಲ್ಲಿ 5 ಸೆಂಟಾಗಿಯೂ ಮಿಷಿಗನ್ನಿನಲ್ಲಿ 10 ಸೆಂಟಾಗಿಯೂ ಪ್ರಕಾಶಿಸುವುದನ್ನು ಬಲ್ಲವರಿಗೆ ಕ್ಷೇತ್ರಮಹಿಮೆಯಲ್ಲಿ ಅವಿಶ್ವಾಸವು ಉಳಿಯಲಾರದು.

ಇಲ್ಲಿ ಪೂರ್ವಪಕ್ಷಿಯು ಹೇಳುವನು: ಕ್ಷೇತ್ರಮಹಿಮೆಯು ಸತ್ಯವಾದಲ್ಲಿ ಯಾತ್ರೆಯೂ ವಿಹಿತವೇ. 'ಸೈನ್‌ಫೆಲ್ಡ್' ಎಂಬ ದೂರದರ್ಶನದ ಹಾಸ್ಯಮಾಲಿಕೆಯಲ್ಲಿ, 1996ರಲ್ಲಿ, ಕ್ರೇಮರ್ ಮತ್ತು ನ್ಯೂಮನ್ ಎಂಬಿಬ್ಬರು ನ್ಯೂಯಾರ್ಕಿನ ಬಾಟಲಿಗಳನ್ನು ಅಂಚೆಯ ಲಾರಿಯಲ್ಲಿ ತುಂಬಿಕೊಂಡು ಮಿಷಿಗನ್ನಿಗೆ ಹೊರಟುದು ಈ ಮತವನ್ನವಲಂಬಿಸಿಯೇ. ದಾರಿಯ ಖರ್ಚು ಲಾಭವನ್ನೆಲ್ಲ ನುಂಗುವುದರಿಂದ, ವಾಹನವು ಸರಕಾರದ್ದಾದಾಗಲೇ ಯಾತ್ರಾಫಲವು ಸಿದ್ಧಿಸುವುದೆಂಬ ಸೂಕ್ಷ್ಮವನ್ನೂ ಆ ಮಹನೀಯರು ಅರಿತಿದ್ದರು.

ಇದಕ್ಕೆ ಸಿದ್ಧಾಂತಿಯ ಸಮಾಧಾನವೇನೆಂದರೆ, ಠೇವಣಿಯೇ ಕರ್ಮ, ಮರುಪಾವತಿಯೇ ಫಲ. ಮಾಡದ ಕರ್ಮಕ್ಕೆ ಫಲವು ಒದಗುವುದು ಅಕೃತಾಭ್ಯಾಗಮವೆಂಬ ದೋಷ. ಮಾಡಿದ ಕರ್ಮದ ಫಲವು ಕೈತಪ್ಪುವುದು ಕೃತನಾಶವೆಂಬ ದೋಷ. ಆದರೆ ಡಬ್ಬಿಯನ್ನು ಕಸಕ್ಕೆಸೆದ ಮಿಷಿಗನ್ನಿಗನ ಠೇವಣಿಯಲ್ಲಿ ಮುಕ್ಕಾಲು ಪಾಲು ಸಂಸ್ಥಾನದ ನಿಧಿಗೂ ಕಾಲು ಪಾಲು ಅಂಗಡಿಯವರಿಗೂ ಸಲ್ಲುವುದರಿಂದ, ಎರಡನೆಯದನ್ನು ಅಲ್ಲಿಯ ಶಾಸ್ತ್ರಕಾರರು ದೋಷವೆಂದು ಗಣಿಸದೆ, ಮೊದಲನೆಯದಕ್ಕೆ ಮಾತ್ರ ದಂಡವನ್ನು ವಿಧಿಸಿದರು. ಅಷ್ಟಕ್ಕೇ ತೃಪ್ತರಾಗದೆ, ಡಬ್ಬಿಯ ಕುಲನಿರ್ಣಯಕ್ಕಾಗಿ ಅನ್ಯತ್ರ ಸಲ್ಲದ ಮುದ್ರೆಯೊಂದನ್ನು ಅದರ ಮೇಲೆ ಒತ್ತಿಸಲು ಹೊರಟಾಗ, ಒಂದು ಸಂಸ್ಥಾನವು ಮಿಕ್ಕವುಗಳ ವಾಣಿಜ್ಯವನ್ನು ಆಳಕೂಡದೆಂದು ಫೆಡರಲ್ ಮೇಲ್ಮನವಿ ನ್ಯಾಯಾಲಯವು 2012ರಲ್ಲಿ ತಡೆಯಿತು. ಜಡವಸ್ತುವಿಗೆ ಜಾತಿಯನ್ನು ಕಟ್ಟುವ ಯತ್ನವು ಹೀಗೆ ಭಗ್ನವಾಯಿತು.

ಇದು ಶುಷ್ಕತರ್ಕವೆಂದು ಉಪೇಕ್ಷಿಸುವವರು, ಅರಿಜೋನಾದಿಂದ 178 ಟನ್ನುಗಳಷ್ಟು ಡಬ್ಬಿ ಬಾಟಲಿಗಳನ್ನು ತಂದೊಪ್ಪಿಸಿ 76 ಲಕ್ಷ ಡಾಲರುಗಳನ್ನು ಪಡೆದರೆಂದು 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕುಟುಂಬದ ಎಂಟು ಮಂದಿಯ ಮೇಲೆ ಹೊರಿಸಲಾದ ಆರೋಪವನ್ನು ಪರಿಶೀಲಿಸಬಹುದು.

ಇನ್ನು ಪ್ರಾಯಶ್ಚಿತ್ತಪ್ರಕರಣ. ಮಿಷಿಗನ್ನಿನಲ್ಲಿ ತಿಳಿದೂ ತಿಳಿದೂ ಪರಸ್ಥಳದ ಡಬ್ಬಿಗಳನ್ನು ಒಪ್ಪಿಸಿದವನಿಗೆ, ಅವುಗಳ ಸಂಖ್ಯೆಯು 100ನ್ನು ದಾಟಿ 9,999ರೊಳಗಿದ್ದರೆ 93 ದಿನಗಳವರೆಗೂ, 10,000ವನ್ನು ಮುಟ್ಟಿದೊಡನೆ 5 ವರ್ಷಗಳವರೆಗೂ ಸೆರೆವಾಸವು ವಿಹಿತವಾಗಿದೆ. ಆದಕಾರಣ, ಹತ್ತು ಸಾವಿರದನೆಯ ಡಬ್ಬಿಯ ಬೆಲೆಯೂ 10 ಸೆಂಟೇ ಎನ್ನುವವನು ಲೆಕ್ಕವನ್ನು ಬಲ್ಲವನಿರಬಹುದು, ಶಾಸ್ತ್ರವನ್ನು ಬಲ್ಲವನಲ್ಲ.