ನಾಲ್ಕನೇ ಬ್ಲಾಕಿನ ಅಳತೆಗೋಲಿನಲ್ಲಿ ಅಮೆರಿಕದ ಮಹಾನಗರಗಳು

ಅಮೆರಿಕದ ಮಹಾನಗರಗಳಲ್ಲಿ ವಾಸಕ್ಕೆ ಯಾವುದು ಯೋಗ್ಯ ಎಂಬುದನ್ನು ಅಲ್ಲಿನ ಪತ್ರಿಕೆಗಳು ವರ್ಷಕ್ಕೊಮ್ಮೆ ತೀರ್ಮಾನಿಸುತ್ತವೆ. ಜಯನಗರದ ಪಾರ್ಕುಗಳ ಕಲ್ಲುಬೆಂಚಿನಲ್ಲಿ ಇದು ದಿನಾ ಬೆಳಿಗ್ಗೆ ಏಳೂವರೆಗೆ ತೀರ್ಮಾನವಾಗುತ್ತದೆ. ಪತ್ರಿಕೆಗಳು ಬಾಡಿಗೆ, ಶಾಲೆ, ಆಸ್ಪತ್ರೆ, ಅಪರಾಧ, ಹಸಿರು ಎಂದೆಲ್ಲ ಬೇರೆ ಬೇರೆ ಅಂಕ ಹಾಕಿ ಕೂಡುತ್ತವೆ. ಬೆಂಚಿನವರಿಗೆ ಅಷ್ಟು ವ್ಯವಧಾನವಿಲ್ಲ. ಬಿ-2 ವೀಸಾದಲ್ಲಿ ಹೋಗಿ, ಸಾಮಾನ್ಯವಾಗಿ ಸಿಗುವ ಆರು ತಿಂಗಳನ್ನು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಕಳೆದು ಬಂದವರನ್ನು ಅವರು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಮಗನನ್ನು ಕೇಳದೆ ಎಲ್ಲೆಲ್ಲಿಗೆ ಹೋಗಿಬರಬಹುದು? ಉತ್ತರದಲ್ಲಿ ಎಷ್ಟು ಜಾಗಗಳ ಹೆಸರು ಬರುತ್ತದೋ ಅಷ್ಟೇ ಆ ನಗರದ ಅಂಕ.

ಈ ಪದ್ಧತಿಗೆ ಮೂಲಮಾನ ಜಯನಗರವೇ. 1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿ ಶಂಕುಸ್ಥಾಪನೆ ಮಾಡಿದ ಬಡಾವಣೆ ಇದು. ಜಯನಗರಕ್ಕೆ ಬ್ಲಾಕು, ಜೆ.ಪಿ. ನಗರಕ್ಕೆ ಫೇಸು, ಬನಶಂಕರಿಗೆ ಸ್ಟೇಜು. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಊರುಗಳ ಮೊದಲಕ್ಷರ ಹೊತ್ತ ಬಿ.ಟಿ.ಎಂ. ಲೇಔಟಿಗೂ ಸ್ಟೇಜೇ. ಬ್ಲಾಕು ಬಿಟ್ಟು ಏಳನೇ ಫೇಸಿಗೆ ಮನೆ ಬದಲಾಯಿಸಿದವರನ್ನು ನಾಲ್ಕನೇ ಬ್ಲಾಕಿನವರು ಹೊರನಾಡ ಕನ್ನಡಿಗರೆಂದೇ ಪರಿಗಣಿಸುತ್ತಾರೆ.

ನಾಲ್ಕನೇ ಬ್ಲಾಕಿನ ನಿವಾಸಿಗೆ ಬೆಳಿಗ್ಗೆ ನಂದಿನಿ ಬೂತು, ಅಲ್ಲಿಂದ ಪಾರ್ಕು, ಪಾರ್ಕಿನಿಂದ ದರ್ಶಿನಿಯ ಬೈಟೂ ಕಾಫಿ, ಬರುವಾಗ ಕಾಂಪ್ಲೆಕ್ಸಿನ ಹತ್ತಿರ ತರಕಾರಿ, ಹೂವು, ಕಿತ್ತ ಚಪ್ಪಲಿಗೆ ಹೊಲಿಗೆ, ನಿಂತ ಗಡಿಯಾರಕ್ಕೆ ಸೆಲ್ಲು, ಎಲ್ಲವೂ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಬನಶಂಕರಿಯ ಅಜ್ಜಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಎರಡು ಮಾರು ಸೇವಂತಿಗೆ ಹಿಡಿದು ಬರಲು ಆಧಾರ್ ಕಾರ್ಡ್ ಒಂದಿದ್ದರೆ ಸಾಕು. ಹಸಿರು ಮಾರ್ಗದ ಮೆಟ್ರೋ 2017ರಲ್ಲಿ ಜಯನಗರಕ್ಕೂ ಬನಶಂಕರಿಗೂ ಬಂತು; ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ರಾಗಿಗುಡ್ಡ, ಬಿ.ಟಿ.ಎಂ. ದಾಟಿ ಬೊಮ್ಮಸಂದ್ರ ಮುಟ್ಟಿತು. ಕೇಂದ್ರ ಸರ್ಕಾರ 2021ರ ಮಾರ್ಚಿನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ ಸಿಕ್ಕಿತು. ಆ ಸುದ್ದಿಯನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಓದಲು ಶುರು ಮಾಡಿದವರು ಅಲ್ಲೇ ಪೂರ್ತಿ ಓದಿ ಮುಗಿಸಿದರು. ಫುಟ್‌ಪಾತಿನ ಮೇಲೆ ಟ್ರಾನ್ಸ್‌ಫಾರ್ಮರು, ಎಳನೀರು ಗಾಡಿ, ಯಾರದೋ ಸ್ಕೂಟರು ನಿಂತಿರುವುದು ನಿಜ. ದಕ್ಷಿಣ ಬೆಂಗಳೂರಿನಲ್ಲಿ ನಡೆಯಲು ದಾರಿಯಿಲ್ಲ, ಹೋಗಲು ಜಾಗಗಳಿವೆ. ಅಮೆರಿಕದ ಬಹುಪಾಲು ಬಡಾವಣೆಗಳಲ್ಲಿ ದಾರಿ ಚೊಕ್ಕಟವಾಗಿದೆ, ಹೋಗಲು ಜಾಗವಿಲ್ಲ.

ಈ ಲೆಕ್ಕದಲ್ಲಿ ಮೊದಲು ಬರುವುದು ನ್ಯೂಯಾರ್ಕ್. ಮ್ಯಾನ್‌ಹಟನ್ನಿನ ನಕ್ಷೆ 1811ರದು: ಉದ್ದಕ್ಕೆ ಹನ್ನೆರಡು ಅವೆನ್ಯೂ, ಅಡ್ಡಕ್ಕೆ 155 ಸ್ಟ್ರೀಟು. ಅವೆನ್ಯೂ ಎಂದರೆ ಮೇನು, ಸ್ಟ್ರೀಟು ಎಂದರೆ ಕ್ರಾಸು ಎಂದು ಒಮ್ಮೆ ಹೇಳಿಬಿಟ್ಟರೆ ತಾತ ಮಧ್ಯಾಹ್ನದೊಳಗೆ ಒಬ್ಬರೇ ತಿರುಗಿಬರುತ್ತಾರೆ. ನಾಲ್ಕನೇ ಬ್ಲಾಕಿನ ಪಕ್ಕದಲ್ಲೇ ನಾಲ್ಕನೇ ‘ಟಿ’ ಬ್ಲಾಕ್ ಹುಡುಕಿ ಪಳಗಿದವರಿಗೆ 34ನೇ ಸ್ಟ್ರೀಟ್ ಆದ ಮೇಲೆ 35 ಬರುವ ಊರು ಯಾವ ಲೆಕ್ಕ? 1904ರಿಂದ ಓಡುತ್ತಿರುವ ಸಬ್‌ವೇ ರಾತ್ರಿಯೂ ನಿಲ್ಲುವುದಿಲ್ಲ. ಏಳನೇ ನಂಬರಿನ ರೈಲಿನಲ್ಲಿ ಕೊನೆಯ ನಿಲ್ದಾಣ ಫ್ಲಶಿಂಗಿಗೆ ಹೋದರೆ 1977ರಲ್ಲಿ ಕುಂಭಾಭಿಷೇಕವಾದ ಮಹಾವಲ್ಲಭ ಗಣಪತಿ ದೇವಸ್ಥಾನ. ಅದರ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ. ದೇವಸ್ಥಾನದ ಮುಂದಿನ ಬೌನ್ ಸ್ಟ್ರೀಟಿಗೆ 2022ರಲ್ಲಿ ಗಣೇಶ ಟೆಂಪಲ್ ಸ್ಟ್ರೀಟ್ ಎಂಬ ಹೆಸರನ್ನೂ ಕೊಟ್ಟಿದ್ದಾರೆ. ದೇವರು, ದೋಸೆ, ರೈಲು ಮೂರೂ ಒಂದೇ ಟಿಕೆಟ್ಟಿನಲ್ಲಿ ಸಿಗುವ ಊರು ಅಮೆರಿಕದಲ್ಲಿ ಇನ್ನೊಂದಿಲ್ಲ. ಅಂಕ ಇಳಿಯುವುದು ಮನೆಯೊಳಗೆ ಕಾಲಿಟ್ಟಾಗ. ಜಯನಗರದಲ್ಲಿ ಹಳೆಯ ಹಂಡೆ, ಗೊಂಬೆ ಪೆಟ್ಟಿಗೆ, ಮುರಿದ ತೊಟ್ಟಿಲು ಇಡುವಷ್ಟು ಜಾಗದಲ್ಲಿ ಮ್ಯಾನ್‌ಹಟನ್ನಿನ ಮಗ, ಸೊಸೆ, ಮೊಮ್ಮಗು ಸಂಸಾರ ಹೂಡಿರುತ್ತಾರೆ.

ಆದ್ದರಿಂದ ಎರಡನೇ ಮಗು ಹುಟ್ಟುವ ಹೊತ್ತಿಗೆ ಸಂಸಾರ ಹಡ್ಸನ್ ನದಿ ದಾಟಿ ನ್ಯೂಜೆರ್ಸಿಯ ಎಡಿಸನ್ ಸೇರಿರುತ್ತದೆ. ಎಡಿಸನ್, ಐಸೆಲಿನ್ ಎರಡನ್ನೂ ಹಾದುಹೋಗುವ ಓಕ್ ಟ್ರೀ ರಸ್ತೆ ಬೆಂಚಿನವರ ಪ್ರಕಾರ ಅಮೆರಿಕದ ನಾಲ್ಕನೇ ಬ್ಲಾಕು: ಸೀರೆ, ಬೆಳ್ಳಿ ಬಟ್ಟಲು, ಬದನೆಕಾಯಿ, ಪಾನಿಪುರಿ ಎಲ್ಲ ಸಾಲಾಗಿ. ಹತ್ತಿರದ ಮೆಟ್ರೋಪಾರ್ಕ್ ನಿಲ್ದಾಣದಿಂದ ನ್ಯೂಯಾರ್ಕಿಗೆ ರೈಲಿದೆ. ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವೂ ಎಡಿಸನ್ನಿನಲ್ಲೇ ಇದೆ. ಅಲ್ಲಿನ ಕನ್ನಡ ಕೂಟದ ಹೆಸರು ಬೃಂದಾವನ. ಮಠಕ್ಕೆ ಹೊರಟವರು ಕೂಟಕ್ಕೆ ಹೋದರೂ ಊಟಕ್ಕೆ ಮೋಸವಿಲ್ಲ. ಅಂಗಡಿಗಳವರು ಹೆಚ್ಚಿನಂಶ ಗುಜರಾತಿಗಳಾದ್ದರಿಂದ ಆರು ತಿಂಗಳಲ್ಲಿ ಅಜ್ಜಿಯ ಇಂಗ್ಲಿಷ್ ಸುಧಾರಿಸದಿದ್ದರೂ ಗುಜರಾತಿ ಸುಧಾರಿಸುತ್ತದೆ.

ಡಲ್ಲಾಸ್ ವಿಷಯದಲ್ಲಿ ಪತ್ರಿಕೆಗಳಿಗೂ ಬೆಂಚಿಗೂ ಪೂರ್ತಿ ಭಿನ್ನಾಭಿಪ್ರಾಯ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ, ಮನೆ ದೊಡ್ಡದು, ಶಾಲೆ ಒಳ್ಳೆಯದು ಎಂದು ಪತ್ರಿಕೆಗಳು ಹೊಗಳುತ್ತವೆ. ಫ್ರಿಸ್ಕೋ, ಪ್ಲೇನೋ ಕಡೆಯ ಮನೆಗಳಲ್ಲಿ ಐದು ಬೆಡ್‌ರೂಮು, ಸಿನಿಮಾ ನೋಡಲೊಂದು ಕೋಣೆ, ಮೂರು ಕಾರಿನ ಗ್ಯಾರೇಜು. ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು ಅಂತಸ್ತು ಎಬ್ಬಿಸಿ ಎರಡನ್ನು ಬಾಡಿಗೆಗೆ ಬಿಟ್ಟಿರುವ ತಾತ ಈ ಮನೆಯನ್ನೆಲ್ಲ ಸುತ್ತಿ ಬಂದು ಕೇಳುವ ಮೊದಲ ಪ್ರಶ್ನೆ, “ಮೇಲ್ಗಡೆ ಯಾರಿಗಾದ್ರೂ ಕೊಡಬಹುದಲ್ವೇನೋ?”

ಎರಡನೇ ವಾರದಿಂದ ಕಷ್ಟ ಶುರು. ಬೆಳಿಗ್ಗೆ ಎಂಟೂವರೆಗೆ ಗ್ಯಾರೇಜಿನ ಬಾಗಿಲು ಎರಡು ಸಲ ಎದ್ದು ಎರಡು ಸಲ ಕೂರುತ್ತದೆ; ಮಗ, ಸೊಸೆ, ಮಕ್ಕಳು ಹೋದರು. ತಾತ ಟೀ ಶರ್ಟಿನ ಮೇಲೆ ಸ್ವೆಟರ್ ಏರಿಸಿ ಬೀದಿಗಿಳಿಯುತ್ತಾರೆ. ಬೀದಿಯಲ್ಲಿ ಹುಲ್ಲಿದೆ, ಹುಲ್ಲಿಗೆ ನೀರು ಚಿಮ್ಮುವ ನಳಿಕೆಗಳಿವೆ, ಮನುಷ್ಯರಿಲ್ಲ. ಮೂಲೆಯಲ್ಲಿ ಎಲ್ಲ ಮನೆಗಳಿಗೂ ಸೇರಿದ ಅಂಚೆ ಡಬ್ಬಿಗಳ ಗೂಡು. ಬೀಗ ತೆಗೆದು ಪಿಜ್ಜಾ ಜಾಹೀರಾತು ತೆಗೆದುಕೊಂಡು, ಎರಡೂ ಕಡೆ ಓದಿ, ವಾಪಸು ಬರುವ ಹೊತ್ತಿಗೆ ಒಂಬತ್ತಾಗಿರುತ್ತದೆ. ಇನ್ನು ಸಂಜೆ ಆರರವರೆಗೆ ಕಾರ್ಯಕ್ರಮವಿಲ್ಲ. ವಾರಕ್ಕೊಮ್ಮೆ ಮಾತ್ರ ಕಸದ ಲಾರಿ ಬರುತ್ತದೆ. ಅದರ ಕಬ್ಬಿಣದ ಕೈ ಡಬ್ಬಿಯನ್ನು ಅಪ್ಪಿ, ಎತ್ತಿ, ತಲೆಕೆಳಗು ಮಾಡಿ, ಮತ್ತೆ ಇದ್ದಲ್ಲೇ ಇಡುವುದನ್ನು ತಾತ, ಅಜ್ಜಿ ಇಬ್ಬರೂ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಜಯನಗರದಲ್ಲಾದರೆ ಕಸದ ಗಾಡಿ ಹಾಡು ಹಾಕಿಕೊಂಡು ಬಂದು, ಹಸಿ ಕಸ ಯಾವುದು ಒಣ ಕಸ ಯಾವುದು ಎಂದು ಅಜ್ಜಿಯೊಡನೆ ಜಗಳವಾಗಿ, ಆ ಜಗಳಕ್ಕೆ ಪಕ್ಕದ ಮನೆಯವರೂ ಸೇರಿ ಅರ್ಧ ಗಂಟೆ ಕಳೆಯುತ್ತಿತ್ತು. ಇಲ್ಲಿ ಲಾರಿಯ ಡ್ರೈವರ್ ಇಳಿಯುವುದೂ ಇಲ್ಲ. ರಾತ್ರಿ ಬೆಂಗಳೂರಿಗೆ ಫೋನು: “ಏನೂ ಕಮ್ಮಿ ಇಲ್ಲಮ್ಮ, ಎಲ್ಲಾ ಇದೆ. ಎಲ್ಲಿಗೂ ಹೋಗೋಕಾಗಲ್ಲ, ಅಷ್ಟೇ.” ಡಲ್ಲಾಸಿನ ವಾಸಯೋಗ್ಯತೆಯ ಬಗ್ಗೆ ಇದಕ್ಕಿಂತ ನಿಖರವಾದ ವರದಿ ಪ್ರಕಟವಾಗಿಲ್ಲ.

ಡಲ್ಲಾಸಿಗೂ ಫೋರ್ಟ್‌ವರ್ತಿಗೂ ನಡುವಿನ ಆರ್ಲಿಂಗ್ಟನ್ನಿನಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದಾರೆ, ಮಾಮೂಲಿ ಸಿಟಿ ಬಸ್ಸಿಲ್ಲ. 2017ರಿಂದ ಕರೆದರೆ ಬರುವ ವ್ಯಾನುಗಳಿವೆ. ಕರೆಯಲು ಆ್ಯಪ್ ಬೇಕು, ಆ್ಯಪ್ ಹಾಕಿಕೊಡಲು ಮಗ ಬೇಕು. ಹಾಗಾಗಿ ಇದಕ್ಕೆ ಅಂಕವಿಲ್ಲ. ಫ್ರಿಸ್ಕೋದ ಕಾರ್ಯಸಿದ್ಧಿ ಹನುಮಾನ್ ದೇವಾಲಯ ದೊಡ್ಡದು. ರಾಗಿಗುಡ್ಡದ ಆಂಜನೇಯನನ್ನು ಬಿಟ್ಟು ಬಂದವರಿಗೆ ಅದೊಂದು ಸಮಾಧಾನ, ಆದರೆ ಶನಿವಾರ ಮಗನಿಗೆ ಪುರುಸೊತ್ತಾದಾಗ.

ಹ್ಯೂಸ್ಟನ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಭೂಬಳಕೆಯ ವಲಯ ನಿಯಮಗಳಿಲ್ಲದ ದೊಡ್ಡ ನಗರ ಅದು. ಕೆಳಗೆ ಬೇಕರಿ, ಮೇಲೆ ಪಿಜಿ, ಪಕ್ಕದಲ್ಲಿ ವೆಲ್ಡಿಂಗ್ ಶಾಪು ನೋಡಿ ಬೆಳೆದ ಬಿ.ಟಿ.ಎಂ.ನವರಿಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಲೇನುಗಳಷ್ಟು ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಮತ್ತೆ ಜಾಮು. ಇದು ಅಲ್ಲಿನ ತಜ್ಞರಿಗೆ ಆಶ್ಚರ್ಯ ತಂದಿತು, ಸಿಲ್ಕ್ ಬೋರ್ಡ್ ಬಲ್ಲವರಿಗೆ ತರಲಿಲ್ಲ. ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳಲ್ಲಿ ಮೊದಲನೆಯದು 2000ದಲ್ಲಿ ಇದೇ ಊರಿನಲ್ಲಿ ನಡೆಯಿತೆಂಬ ಹೆಮ್ಮೆ ಮಾತ್ರ ಇದೆ.

ಚಿಕಾಗೋಗೆ ವಿವೇಕಾನಂದರು 1893ರ ಬೇಸಿಗೆಯಲ್ಲಿ ಹೋಗಿದ್ದರು, ಸೆಪ್ಟೆಂಬರಿನಲ್ಲಿ ಭಾಷಣ ಮಾಡಿದರು. ಜನವರಿಯಲ್ಲಿ ಸಮ್ಮೇಳನ ಇಟ್ಟಿದ್ದರೆ ಚರಿತ್ರೆಯೇ ಬೇರೆ ಆಗುತ್ತಿತ್ತೇನೋ. 2019ರ ಜನವರಿ ಕೊನೆಯಲ್ಲಿ ಅಲ್ಲಿನ ಉಷ್ಣಾಂಶ ಮೈನಸ್ 30 ಡಿಗ್ರಿಗಿಂತ ಕೆಳಕ್ಕೆ ಇಳಿದಿತ್ತು. ಡಿಸೆಂಬರಿನಲ್ಲಿ 16 ಡಿಗ್ರಿಗೇ ಮಂಕಿ ಕ್ಯಾಪು, ಮಫ್ಲರು ಎಳೆದುಕೊಂಡು ಲಾಲ್‌ಬಾಗಿನಲ್ಲಿ ನಡೆಯುವವರು ಈ ಅಂಕಿಯನ್ನು ಮೊದಲು ಅಚ್ಚಿನ ದೋಷವೆಂದು ತಿಳಿಯುತ್ತಾರೆ. ಉಳಿದಂತೆ ಊರು ಒಳ್ಳೆಯದು: ಡೆವನ್ ಅವೆನ್ಯೂನಲ್ಲಿ 1974ರಲ್ಲಿ ಶುರುವಾದ ಪಟೇಲ್ ಬ್ರದರ್ಸ್ ಅಂಗಡಿಯೇ ಇಂದು ಅಮೆರಿಕದುದ್ದಕ್ಕೂ ಹಬ್ಬಿ, ಕರಿಬೇವು ಮುಗಿದು ಸಂಸಾರಗಳು ಒಡೆಯದಂತೆ ಕಾಪಾಡುತ್ತಿದೆ.

ಸಿಯಾಟಲಿನಲ್ಲಿ ಸದಾ ಮಳೆ ಎಂಬ ಅಪಖ್ಯಾತಿ ಇದೆ. ವಾಸ್ತವದಲ್ಲಿ ಅಲ್ಲಿಗೂ ಬೆಂಗಳೂರಿಗೂ ವರ್ಷದ ಮಳೆ ಹೆಚ್ಚುಕಡಿಮೆ ಸಮ, ಸಾವಿರ ಮಿಲಿಮೀಟರಿನ ಆಸುಪಾಸು. ಬೆಂಗಳೂರು ಅದನ್ನು ಸಂಜೆ ಐದಕ್ಕೆ ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಸುರಿಸಿ ಮುಗಿಸುತ್ತದೆ. ಸಿಯಾಟಲ್ ಅದನ್ನೇ ಅಕ್ಟೋಬರಿನಿಂದ ಮೇ ತನಕ ತೊಟ್ಟು ತೊಟ್ಟಾಗಿ ಎಳೆಯುತ್ತದೆ. ನಿಜವಾದ ತೊಂದರೆ ರಾಹುಕಾಲದ್ದು. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಅವಧಿಯ ಎಂಟನೇ ಒಂದು ಭಾಗ ರಾಹುಕಾಲ. ಬೆಂಗಳೂರಿನಲ್ಲಿ ವರ್ಷವಿಡೀ ಸುಮಾರು ಒಂದೂವರೆ ಗಂಟೆ. ಸಿಯಾಟಲಿನಲ್ಲಿ ಜೂನಿನ ಹಗಲು ಹದಿನಾರು ಗಂಟೆ ಇರುವುದರಿಂದ ರಾಹುಕಾಲವೂ ಎರಡು ಗಂಟೆಗೆ ಲಂಬಿಸುತ್ತದೆ, ಡಿಸೆಂಬರಿನಲ್ಲಿ ಒಂದು ಗಂಟೆಗೆ ಕುಗ್ಗುತ್ತದೆ. ಬನಶಂಕರಿ ಅಮ್ಮನಿಗೆ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವ ಅಭ್ಯಾಸವಿರುವ ಅಜ್ಜಿಯರಿಗೆ ಬೇಸಿಗೆ ಅನುಕೂಲ. ಹೊಸ ಮನೆಯ ಕಾಗದಪತ್ರಕ್ಕೆ ಸಹಿ ಹಾಕುವ ಅಳಿಯಂದಿರಿಗೆ ಚಳಿಗಾಲ ಅನುಕೂಲ. ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲಾದ್ದರಿಂದ, ಸಂಧ್ಯಾವಂದನೆ ಮುಗಿಸಿ ಊಟಕ್ಕೆ ಕೂರುವ ತಾತಂದಿರು ಹಸಿದು ಜಗಳಕ್ಕೆ ನಿಲ್ಲುವುದೂ ಉಂಟು.

ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಪ್ರದೇಶ, ಎಂದರೆ ಬೇ ಏರಿಯಾ, ಹವೆಯಲ್ಲಿ ಹಳೆಯ ಬೆಂಗಳೂರನ್ನು ನೆನಪಿಸುತ್ತದೆ. ಕೊರತೆ ಒಂದೇ, ಜೂನಿನಿಂದ ಸೆಪ್ಟೆಂಬರ್ ತನಕ ಮಳೆಯೇ ಇಲ್ಲದೆ ಬಜ್ಜಿ ಕರಿಯಲು ನೆಪ ಸಿಗುವುದಿಲ್ಲ. ಸನ್ನಿವೇಲ್, ಕ್ಯೂಪರ್ಟಿನೋ, ಫ್ರೀಮಾಂಟ್ ಪಾರ್ಕುಗಳಲ್ಲಿ ಸಂಜೆ ನಾಲ್ಕಾರು ಜತೆ ಸ್ಪೋರ್ಟ್ಸ್ ಶೂ, ಸೀರೆ, ಕಾರ್ಡಿಗನ್ ಕಂಡೇ ಕಾಣುತ್ತವೆ, “ನೀವು ಎಷ್ಟನೇ ಬ್ಲಾಕು?” ಎಂಬಲ್ಲಿಂದ ಮಾತು ಶುರು. ಮಿಲ್ಪಿಟಾಸಿನಲ್ಲಿ 2003ರಿಂದ ಭಾರತೀಯ ಸಮುದಾಯ ಕೇಂದ್ರವಿದೆ, ಹಿರಿಯರಿಗೆ ಯೋಗ, ಹರಟೆ ಎರಡೂ ಅಲ್ಲುಂಟು. ಲಿವರ್‌ಮೋರಿನಲ್ಲಿ ಶಿವ, ವಿಷ್ಣು ಒಂದೇ ಆವರಣದಲ್ಲಿರುವುದರಿಂದ ಬೀಗರಿಬ್ಬರನ್ನೂ ಒಂದೇ ಕಾರಿನಲ್ಲಿ ಕರೆದೊಯ್ಯಬಹುದು. ನಮ್ಮ ಮೆಟ್ರೋ ತಡ ಎಂದು ಗೊಣಗುವವರಿಗೆ ಇಲ್ಲಿ ಒಂದು ಪಾಠವೂ ಇದೆ: 1972ರಲ್ಲಿ ಓಡಲು ಶುರುವಾದ ಬಾರ್ಟ್ ರೈಲು ಸ್ಯಾನ್‌ಹೊಸೆಯ ಅಂಚಿಗೆ ಬಂದದ್ದು 2020ರಲ್ಲಿ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ, ಪೈಲಟ್‌ಗಳೆಲ್ಲ ಮಹಿಳೆಯರೇ ಆಗಿ, ಹಾರಿ ಬಂದಾಗ ಬೆಂಚಿನಲ್ಲಿ ಬೇ ಏರಿಯಾದ ದರ ದಿಢೀರನೆ ಏರಿತ್ತು. ಮನೆಯ ಬೆಲೆ ಕೇಳಬಾರದು. ಕೇಳಿದ ತಾತ ಜಯನಗರದ ಸೈಟು ಮಾರುವ ಮಾತೆತ್ತುತ್ತಾರೆ, ಮಗ ಬೇಡ ಎನ್ನುವುದು ತುಸು ತಡವಾಗುತ್ತದೆ.

ಮಿಕ್ಕ ನಗರಗಳನ್ನು ಕನ್ನಡ ಕೂಟಗಳ ಹೆಸರಿನಿಂದಲೇ ಗುರುತಿಸುವುದು ರೂಢಿ: ಡೆಟ್ರಾಯ್ಟಿನಲ್ಲಿ ಪಂಪ, ಅಟ್ಲಾಂಟಾದಲ್ಲಿ ನೃಪತುಂಗ, ಕನೆಕ್ಟಿಕಟ್ಟಿನಲ್ಲಿ ಹೊಯ್ಸಳ, ಚಿಕಾಗೋದಲ್ಲಿ ವಿದ್ಯಾರಣ್ಯ. ಶಾಲೆಯಲ್ಲಿ ಚರಿತ್ರೆ ತಪ್ಪಿದವರು ಅಮೆರಿಕದ ಭೂಪಟದಲ್ಲಿ ಮತ್ತೆ ಓದಿಕೊಳ್ಳಬಹುದು. ವಾಷಿಂಗ್ಟನ್ನಿನವರು ತಮ್ಮ ಸಂಘಕ್ಕೆ ಕಾವೇರಿ ಎಂದು ಹೆಸರಿಟ್ಟದ್ದಂತೂ ದೂರದೃಷ್ಟಿ. ಅಲ್ಲಿನ ಪೊಟೊಮ್ಯಾಕ್ ನದಿಯ ನೀರಿಗಾಗಿ ಮೇರಿಲ್ಯಾಂಡ್, ವರ್ಜೀನಿಯಾ ರಾಜ್ಯಗಳು ಸುಪ್ರೀಂ ಕೋರ್ಟಿನಲ್ಲಿ ಹೊಡೆದಾಡಿ, 2003ರಲ್ಲಿ ತೀರ್ಪು ಪಡೆದವು.

ಒಟ್ಟಿನಲ್ಲಿ ಬೆಂಚಿನ ತೀರ್ಪು ಹೀಗಿದೆ: ಮಗನಿಗೆ ಡಲ್ಲಾಸ್, ಮೊಣಕಾಲಿಗೆ ಬೇ ಏರಿಯಾ, ಸ್ವಾತಂತ್ರ್ಯಕ್ಕೆ ಎಡಿಸನ್. ಚಿಕಾಗೋಗೆ ಹೋಗುವವರು ಮೇ ಕೊನೆಗೆ ಹೊರಟು ಗಣೇಶ ಚತುರ್ಥಿಯ ಹೊತ್ತಿಗೆ ಮರಳಬೇಕು, ಟೆಕ್ಸಾಸಿನವರು ದೀಪಾವಳಿ ಮುಗಿಸಿ ಹೊರಡಬೇಕು. ಪ್ರವಾಸಿ ವೈದ್ಯಕೀಯ ವಿಮೆಯಿಲ್ಲದೆ ಯಾವ ಊರಿಗೂ ಹೋಗಬಾರದು. ಬಾಣಂತನಕ್ಕೆ ಹೊರಟವರಿಗೆ ಮಾತ್ರ ಊರನ್ನಾಗಲಿ ತಿಂಗಳನ್ನಾಗಲಿ ಆರಿಸುವ ಹಕ್ಕಿಲ್ಲ. ಅವರು ಲೇಹ್ಯದ ಡಬ್ಬಿಯ ಮೇಲೆ ಅದರಲ್ಲಿ ಏನೇನಿದೆ ಎಂದು ಇಂಗ್ಲಿಷಿನಲ್ಲಿ ಚೀಟಿ ಬರೆಸಿ ಅಂಟಿಸಿಕೊಂಡು ಹೊರಡಲಿ, ಕಸ್ಟಮ್ಸಿನವರು ಕೇಳುತ್ತಾರೆ.