ಸ್ಟೇರಿಂಗ್ ಪಲ್ಲಟ ಮೀಮಾಂಸೆ

ಕಾರಿನ ಹಳೆಯ ಸ್ಟೇರಿಂಗ್ ಚಕ್ರವನ್ನು ಗ್ಯಾರೇಜಿನ ಹಂಗಿಲ್ಲದೆ, ಮನೆಯೆದುರಿನ ಹೊಂಗೆಯ ನೆರಳಿನಲ್ಲಿ ಕಿತ್ತು ಹೊಸದನ್ನು ಕೂರಿಸುವ ಕರ್ಮಕ್ಕೆ ಸ್ಟೇರಿಂಗ್ ಪಲ್ಲಟವೆಂದು ಹೆಸರು. ಇದು ಬಳಕೆಯಲ್ಲಿರುವ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೇ ಆಗಿದ್ದರೂ ಈ ಶಾಸ್ತ್ರ ಪಠ್ಯಕ್ಕೆ ಸೇರಿಲ್ಲ. ಹೀಗಾಗಿ ಅದು ಬಾಯಿಂದ ಬಾಯಿಗೆ, ಅದೂ ಬಹುಪಾಲು ಕೆಲಸ ಕೆಟ್ಟ ಮೇಲೆ, ಹರಿದುಬಂದಿದೆ.

ಮೊದಲು ಅಧಿಕಾರ ನಿರ್ಣಯ. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದರ ವಾಸ ಸ್ಟೇರಿಂಗಿನ ಹೊಟ್ಟೆಯಲ್ಲಿ; ಉಬ್ಬಲು ಬೇಕಾದುದು ಸುಮಾರು 30 ಮಿಲಿಸೆಕೆಂಡು. ಅಷ್ಟರಲ್ಲಿ 'ಅಯ್ಯಯ್ಯೋ' ಎಂಬುದರ ಮೊದಲ ಅಕ್ಷರವೂ ಹೊರಡದು. ಆದಕಾರಣ ಅಂಥ ಕಾರು ಗೃಹಸ್ಥರಿಗೆ ವರ್ಜ್ಯ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಂಥ, ಹೊಟ್ಟೆಯಲ್ಲಿ ಹಾರನ್ನಿನ ತಂತಿಯ ಹೊರತು ಬೇರೇನನ್ನೂ ಇಟ್ಟುಕೊಳ್ಳದ ಸಾಧುಗಳೇ ಗ್ರಾಹ್ಯ.

ಕಾರಣ ಪ್ರಕರಣ ಚಿಕ್ಕದು. ಪಾವಗಡದ ಯಾವ ಬಿಸಿಲನ್ನು ನಂಬಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತೋ, ಅದೇ ಬಿಸಿಲು ಬೀದಿಯಲ್ಲಿ ನಿಂತ ಕಾರಿನ ಸ್ಟೇರಿಂಗಿನ ಸಿಪ್ಪೆಯನ್ನೂ ಸುಲಿಯುತ್ತದೆ. ಕವರ್ ಹಾಕುವುದು ಪ್ರಾಯಶ್ಚಿತ್ತ ಮಾತ್ರ. ಸಡಿಲವಾದ ಮೇಲೆ ಕವರ್ ತಿರುಗುತ್ತದೆ, ಕಾರು ತಿರುಗುವುದಿಲ್ಲ.

ಇನ್ನು ಪ್ರಯೋಗ. ಮುಂದಿನ ಗಾಲಿಗಳು ನೆಟ್ಟಗಿರುವಂತೆ ಕಾರು ನಿಲ್ಲಿಸಿ, ಬ್ಯಾಟರಿಯ ಮೈನಸ್ ತಂತಿ ಬಿಚ್ಚಬೇಕು. ಈ ವಿಧಿ ಮೀರಿ ಹಾರನ್ನಿನ ಮುಚ್ಚಳ ಕೀಳಹೊರಟರೆ ಬೀದಿಗೆಲ್ಲ ಸುದ್ದಿ ಮುಟ್ಟುತ್ತದೆ. ಮುಚ್ಚಳದಡಿ ದೊಡ್ಡ ನಟ್ಟು ಕಾಣುತ್ತದೆ. ಚಕ್ರಕ್ಕೂ ಅದು ಕೂತ ದಂಡಕ್ಕೂ ಕೂಡಿಸಿ ಒಂದು ಗುರುತು ಗೀಚಿ, ನಟ್ಟನ್ನು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ನಟ್ಟು ಎರಡು ಸುತ್ತಾದರೂ ದಂಡದ ಮರೆಯಲ್ಲಿ (ಥ್ರೆಡ್ಡಿನಲ್ಲಿ) ಉಳಿದಿರದಿದ್ದರೆ, ಚಕ್ರ ಕಳಚಿದ ಗಳಿಗೆಯಲ್ಲಿ ಎಳೆದವನ ಬಲವೆಲ್ಲ ಬಡ್ಡಿಸಮೇತ ಅವನ ಮೂಗಿಗೇ ಸಂದಾಯವಾಗುತ್ತದೆ. ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸೂತ್ರವಿಲ್ಲ.

ಆದರೆ ಚಕ್ರ ಕಳಚಬೇಕಲ್ಲ! ವರ್ಷಗಳ ತುಕ್ಕಿನಿಂದ ಚಕ್ರವೂ ದಂಡವೂ ಏಕಶಿಲೆಯಾಗಿರುತ್ತವೆ. ಮಧುಗಿರಿಯವರಿಗೆ ಇದರ ವಿವರಣೆ ಬೇಡ, ತಲೆಯೆತ್ತಿ ಬೆಟ್ಟ ನೋಡಿದರೆ ಸಾಕು. ಕೊರಟಗೆರೆ ಸೀಮೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾಗಿದ್ದರೂ ತುಕ್ಕಿಗೆ ಸೀಮೆಎಣ್ಣೆಯೇ ಮದ್ದು. ಸುತ್ತಿಗೆಯಿಂದ ಬಡಿಯಬೇಕೆಂಬುದು ಪೂರ್ವಪಕ್ಷ. ನೋಡಲು ನೆರೆದವರು ಸಾಮಾನ್ಯವಾಗಿ ಈ ಪಕ್ಷದವರೇ. ಒಂದು ಕಾಲಕ್ಕೆ ಮೊಘಲರ ಸುಬೇದಾರರು ಕೂತಿದ್ದ ಸಿರಾದಲ್ಲಂತೂ ಪಾನಾ ಮುಟ್ಟದೆ ಅಪ್ಪಣೆ ಕೊಡುವ ಕಲೆ ಇನ್ನೂ ಜೀವಂತ. ಬಡಿದರೆ ಮರೆ ಹಾಳಾಗುತ್ತದೆ, ದಂಡದ ಬೇರಿಂಗ್ ಸಾಯುತ್ತದೆ. ಎರಡು ಮೊಣಕಾಲು ಕೊಟ್ಟು ಅತ್ತಿತ್ತ ಅಲುಗಾಡಿಸುವುದು ಮಧ್ಯಮ ಮಾರ್ಗ. ಗ್ಯಾರೇಜಿನಿಂದ ಚಕ್ರ ಎಳೆಯುವ ಪುಲ್ಲರ್ ಕಡ ತರುವುದೇ ಸಿದ್ಧಾಂತ. ಗ್ಯಾರೇಜಿನ ಹಂಗಿಲ್ಲವೆಂಬ ಮೂಲ ಲಕ್ಷಣ ಇಲ್ಲಿ ಭಂಗವಾಗುತ್ತದೆಂಬ ಆಕ್ಷೇಪಕ್ಕೆ ಉತ್ತರವಿಲ್ಲ.

ಹೊಸ ಚಕ್ರದ ಒಳಹಲ್ಲುಗಳು ದಂಡದ ಹಲ್ಲಿಗೆ ಹೊಂದಬೇಕು. ಹಲ್ಲು 36 ಇದ್ದರೆ ಒಂದು ತಪ್ಪಿದರೂ 10 ಡಿಗ್ರಿ ವಾಲು: ಕಾರು ನೇರ ಹೋದರೂ ಚಕ್ರ ಓರೆ ನೋಡುತ್ತದೆ. ಮೂರು ಕಡೆ ಆಂಧ್ರ ಸುತ್ತಿರುವ ಪಾವಗಡದಲ್ಲಿ ಎತ್ತ ವಾಲಿದರೂ ಗಡಿಯತ್ತಲೇ ಎಂದು ಸಮಾಧಾನಪಡುವವರುಂಟು. ಶಾಸ್ತ್ರಕ್ಕೆ ಅದು ಸಮ್ಮತವಲ್ಲ, ಬಿಚ್ಚಿ ಒಂದು ಹಲ್ಲು ಸರಿಸಬೇಕು. ನಟ್ಟು ಬಿಗಿದು, ಬ್ಯಾಟರಿ ತಂತಿ ಸೇರಿಸಿದ ಮೇಲೆ ಉಳಿಯುವುದು ಶಬ್ದಪ್ರಮಾಣ, ಎಂದರೆ ಹಾರನ್. ಒತ್ತಿದಾಗ ಕೂಗಿದರೆ ಕರ್ಮ ಸಿದ್ಧಿಸಿತು. ತಿರುಗಿಸಿದಾಗಲೆಲ್ಲ ಕೂಗಿದರೆ ತಂತಿ ಎಲ್ಲೋ ಕಬ್ಬಿಣಕ್ಕೆ ತಗುಲುತ್ತಿದೆ. ಮುಚ್ಚಳ ಮತ್ತೆ ತೆಗೆಯಬೇಕು.