ಗೌಂಡಿಯ ಗ್ಯಾಂಟ್ ಚಾರ್ಟ್

ಕಾಮಗಾರಿಯ ವೇಳಾಪಟ್ಟಿ ಹಾಕುವ ತಂತ್ರಾಂಶದ ತರಬೇತಿಯಲ್ಲಿ ಮೊದಲ ಪಾಠ, ಕೆಲಸವನ್ನು ಹೋಳು ಮಾಡುವುದು. ದೇವದುರ್ಗದಲ್ಲಿ ಎರಡು ಖೋಲಿಯ ಮನೆ ಕಟ್ಟುವುದೆಂದರೆ ಒಂದು ಕೆಲಸವಲ್ಲ. ಬುನಾದಿ, ಗೋಡೆ, ಸೆಂಟ್ರಿಂಗ್, ಸ್ಲ್ಯಾಬ್, ಗಿಲಾವು, ಬಣ್ಣ ಎಲ್ಲಕ್ಕೂ ಒಂದೊಂದು ಸಾಲು ಬರೆದು, ಎದುರಿಗೆ ದಿನಗಳ ಲೆಕ್ಕ ಕೊಟ್ಟರೆ ಬಲಗಡೆ ಅಡ್ಡಪಟ್ಟಿಗಳು ಮೂಡುತ್ತವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹೆನ್ರಿ ಗ್ಯಾಂಟ್ ಬಳಕೆಗೆ ತಂದ ಚಾರ್ಟು ಇದು. ಗೌಂಡಿಯ ತಲೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ. ಮನೆ ಕಟ್ಟಿಸುವವರಿಗೆ ಮಾತ್ರ ಅವನು ಅದನ್ನು ತೋರಿಸುವುದಿಲ್ಲ.

ಎರಡನೆಯದು ಕೊಂಡಿ ಹಾಕುವುದು: ಯಾವುದು ಮುಗಿದ ಮೇಲೆ ಯಾವುದು. ಕೊಂಡಿಗಳ ಅತಿ ಉದ್ದದ ಸರಪಳಿಯೇ ಕ್ರಿಟಿಕಲ್ ಪಾತ್. 1957ರ ಸುಮಾರಿಗೆ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳು ಸೇರಿ ರೂಪಿಸಿದ ಲೆಕ್ಕವಿದು. ಬಣ್ಣದ ಡಬ್ಬಿ ವಾರ ತಡವಾಗಿ ಬಂದರೂ ನಡೆಯುತ್ತದೆ. ಸೆಂಟ್ರಿಂಗ್ ಹಲಗೆ ಒಂದು ದಿನ ತಡವಾದರೆ ಗೃಹಪ್ರವೇಶದ ಮುಹೂರ್ತವನ್ನೇ ಮತ್ತೆ ಕೇಳಿಸಬೇಕು.

ತರಬೇತಿಯಲ್ಲಿ ಅವಸರದಿಂದ ದಾಟಿಸುವ, ಆದರೆ ರಾಯಚೂರಿನಲ್ಲಿ ಬಹಳ ಹೊತ್ತು ಕೂತು ಕಲಿಯಬೇಕಾದ ಪಾಠ ಕ್ಯಾಲೆಂಡರಿನದು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ತಾನಾಗಿ ಹಿಡಿಯುವ ಲೆಕ್ಕ ಹೀಗಿದೆ: ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 8ರಿಂದ 12, ಮಧ್ಯಾಹ್ನ 1ರಿಂದ 5. ಮೇ ತಿಂಗಳ ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಒಂದಕ್ಕೆ ಗೋಡೆ ಕಟ್ಟಲು ತಂತ್ರಾಂಶವೇ ಬರಬೇಕು. ಕಾರಹುಣ್ಣಿಮೆ, ಮೊಹರಂ ಅದಕ್ಕೆ ಗೊತ್ತಿಲ್ಲ, ಕೈಯಾರೆ ತುಂಬಬೇಕು. ಶನಿವಾರ ಕೆಲಸವುಂಟು ಎಂಬುದನ್ನೂ ಹೇಳಿಕೊಡಬೇಕು. ಇನ್ನು ಸ್ಲ್ಯಾಬಿಗೆ ನೀರು ಹೊಡೆಯುವುದಕ್ಕೆ ರಜೆಯೇ ಇಲ್ಲ. ಅಂಥ ಕೆಲಸಕ್ಕೆಂದೇ ‘ಇಲ್ಯಾಪ್ಸ್ಡ್’ ದಿನಗಳ ಲೆಕ್ಕವಿದೆ, ಭಾನುವಾರವೂ ಹಗಲಿರುಳೂ ಓಡುತ್ತದೆ. ಅದನ್ನು ಕೊಡಲು ಮರೆತವರ ಚಾರ್ಟಿನಲ್ಲಿ ಕಾಂಕ್ರೀಟ್ ಕೂಡ ಸರ್ಕಾರಿ ನೌಕರನಾಗುತ್ತದೆ.

ಮಾನ್ವಿಯಲ್ಲಿ ಕಾಲುವೆಯೇ ಕ್ಯಾಲೆಂಡರು. ತುಂಗಭದ್ರಾ ಎಡದಂಡೆ ಕಾಲುವೆಯೊಳಗಿನ ದುರಸ್ತಿ ಏನಿದ್ದರೂ ನೀರು ನಿಂತ ಬೇಸಿಗೆಯಲ್ಲೇ ಆಗಬೇಕು. ತಂತ್ರಾಂಶದಲ್ಲಿ ‘ಇದಕ್ಕಿಂತ ಮೊದಲು ಶುರುವಿಲ್ಲ’, ‘ಇದರೊಳಗೆ ಮುಗಿಯಬೇಕು’ ಎಂಬ ಎರಡೂ ಷರತ್ತುಗಳಿವೆ. ಆದರೆ ಹರಿಯುವ ನೀರಲ್ಲೇ ಕೆಲಸ ಮಾಡಬೇಕಾಗಿ ಬಂದದ್ದು ತುಂಗಭದ್ರಾ ಅಣೆಕಟ್ಟೆಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು 19ನೇ ಕ್ರಸ್ಟ್ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ನೀರು ತಡೆಯುವ ಸ್ಟಾಪ್‌ಲಾಗ್ ತುಂಡುಗಳು ಒಂದರ ಮೇಲೊಂದು ಇಳಿದವು. ಕೆಳಗಿನದು ಕೂರದೆ ಮೇಲಿನದು ಇಳಿಯದು. ಕೊಂಡಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಗೇಟು ಹೋದದ್ದು ಶನಿವಾರ, ಕೆಲಸ ಮುಗಿದದ್ದು ಮುಂದಿನ ಶನಿವಾರ. ತಂತ್ರಾಂಶದ ಮೂಲ ಕ್ಯಾಲೆಂಡರನ್ನು ನೆಚ್ಚಿದ್ದರೆ ಸೋಮವಾರ ಬೆಳಗ್ಗೆ ಎಂಟರವರೆಗೆ ನದಿಯೇ ಕಾಯಬೇಕಿತ್ತು.

ಆಮೇಲೆ ಆಳುಗಳ ಹಂಚಿಕೆ. ಒಬ್ಬನೇ ಗೌಂಡಿಯನ್ನು ಒಂದೇ ದಿನ ಮೂರು ಮನೆಗಳಿಗೆ ಹಾಕಿದರೆ ಅವನ ಹೆಸರು ಕೆಂಪಾಗುತ್ತದೆ. ‘ಲೆವೆಲಿಂಗ್’ ಗುಂಡಿ ಒತ್ತಿದರೆ ಎರಡು ಮನೆ ಮುಂದಕ್ಕೆ ಹೋಗುತ್ತವೆ. ಗೌಂಡಿಯ ಲೆವೆಲಿಂಗ್ ಬೇರೆ ಥರದ್ದು: ಮೂರೂ ಕಡೆ ಹೋಗಿ ಚಹಾ ಕುಡಿದು, ‘ನಾಳಿ ಬರ್ತೀನ್ರೀ’ ಎಂದು ಹೇಳಿ ಬರುತ್ತಾನೆ. ಯಾವ ಮನೆಯೂ ಮುಂದಕ್ಕೆ ಹೋದಂತೆ ಕಾಣುವುದಿಲ್ಲ.

ಕೊನೆಯ ಪಾಠ ಬೇಸ್‌ಲೈನ್. ಮೊದಲು ಒಪ್ಪಿಕೊಂಡ ತಾರೀಖುಗಳನ್ನು ಹಾಗೇ ಉಳಿಸಿಟ್ಟುಕೊಂಡರೆ, ಈಗಿನ ಪಟ್ಟಿ ಎಷ್ಟು ಜಾರಿದೆ ಎಂಬುದು ಪಕ್ಕದಲ್ಲೇ ಕಾಣುತ್ತದೆ. ತಾರೀಖು ಮತ್ತೆ ಬದಲಾದರೆ ಹೊಸದನ್ನೂ ಉಳಿಸಬಹುದು, ಒಟ್ಟು 11ರವರೆಗೆ. ಅಷ್ಟೂ ಸಾಲದಿದ್ದರೆ ಹೊಸ ಫೈಲು ತೆರೆಯುವುದು.